ಶನಿವಾರದ ಬಿಳಿ ಅಂಗಿ

ಇಂಚರಾ, ಶಶಾಂಕಾ, ಇಬ್ಬರೂ ಪಕ್ಕಪಕ್ಕ ಕೂತು ಓದಿ. ಒಬ್ಬರು ಓದಿ ಇನ್ನೊಬ್ಬರಿಗೆ ಕತೆ ಹೇಳುವುದು ಬೇಡ. ನೀವು ಹೇಳುವಾಗ ನನ್ನನ್ನು ಇನ್ನಷ್ಟು ಪೆದ್ದಿಯಾಗಿ ಮಾಡಿಬಿಡುತ್ತೀರಿ. ಇರುವಷ್ಟೇ ಸಾಕು.

ನಿನ್ನೆ ಸಂಜೆ, ಶಶಾಂಕಾ, ನೀನು ಶಾಲೆಯಿಂದ ಬಂದವನು ನೇರ ನನ್ನ ಕೋಣೆಗೆ ನುಗ್ಗಿ ಬಾಗಿಲು ಹಾಕಿಕೊಂಡೆಯಲ್ಲ, ಆಗ ನಿನ್ನ ಅಂಗಿಯಿಂದ ಸಾರಿನ ವಾಸನೆ ಬಂತು. ತಣ್ಣಗಾದ ಸಾರು, ಅದರೊಳಗೆ ಅರಿಶಿನ. ಆ ವಾಸನೆ ಮೂಗಿಗೆ ಬಿದ್ದದ್ದೇ ನನ್ನ ಕೈ ತಾನಾಗಿ ನಿನ್ನ ಗುಂಡಿಗೆ ಹೋಯಿತು. "ಬಿಚ್ಚು! ಸೋಪು ಮುಟ್ಟಿಸ್ಬೇಡ! ತಣ್ಣೀರು ತಾ!" ಅಂದೆ. ನೀನು ಹೆದರಿ ಗೋಡೆಗೆ ಒರಗಿದೆ. ಅಜ್ಜಿ ಇಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನೀನು ಕೇಳಿರಲಿಲ್ಲ, ಪಾಪ. ಅಷ್ಟರಲ್ಲಿ ನಿಮ್ಮ ಅಮ್ಮ ಬಂದಳು. ಅಂಗಿ ನೋಡಿದಳು. "ಮೆಷಿನ್ನಿಗೆ ಹಾಕು. ಹೋದ್ರೆ ಹೋಯ್ತು, ಇಲ್ಲಾಂದ್ರೆ ಇಲ್ಲ" ಎಂದು ಹೋಗಿಬಿಟ್ಟಳು. ಆಗ ಇಂಚರಾ, ನೀನು ಕೇಳಿದೆ: "ಅಜ್ಜಿ, ನನ್ನ ಫ್ರೆಂಡ್ಸ್ ಅಮ್ಮಂದಿರೆಲ್ಲ ಕಲೆ ನೋಡಿದ್ರೆ ಕುಣೀತಾರೆ. ನಮ್ಮಮ್ಮ ಯಾಕೆ ಬೈಯೋದೇ ಇಲ್ಲ?"

ಉತ್ತರ ನನಗೆ ಗೊತ್ತಿತ್ತು, ಬಾಯಿ ಮಾತ್ರ ಏಳಲಿಲ್ಲ. ನಿಮಗೆ ಗೊತ್ತಲ್ಲ, ಮನೆಗೆ ನೆಂಟರು ಬಂದರೆ ನಾನು ಅಡಿಗೆಮನೆಯಲ್ಲಿ ಇಲ್ಲದ ಕೆಲಸ ಹುಡುಕಿಕೊಳ್ಳುವವಳು. ಮೊಮ್ಮಕ್ಕಳ ಮುಂದೆ ಸಹ ಕೆಲವು ವಿಷಯಕ್ಕೆ ನಾಚಿಕೆಯಾಗುತ್ತದೆ. ಅದಕ್ಕೇ ಈ ಬೆಳಿಗ್ಗೆ ನೀವು ಶಾಲೆಗೆ ಹೋದ ಮೇಲೆ ಇಂಚರಳ ಹಳೆಯ ನೋಟುಬುಕ್ಕಿನ ಖಾಲಿ ಹಾಳೆ ಹರಿದುಕೊಂಡು ಕೂತಿದ್ದೇನೆ.

ನಾನು ಓದಿದ್ದು ಸೋಗಾನೆ ಕಡೆಯ ನಮ್ಮೂರಿನ ಶಾಲೆಯಲ್ಲಿ, ಏಳನೇ ಕ್ಲಾಸಿನವರೆಗೆ. ಅಲ್ಲಿ ಯೂನಿಫಾರ್ಮ್ ಅನ್ನುವ ಪದವೇ ಇರಲಿಲ್ಲ. ಮನೆಯಲ್ಲಿ ಯಾವುದು ಒಣಗಿತ್ತೋ ಅದನ್ನು ಹಾಕಿಕೊಂಡು ಹೋಗುತ್ತಿದ್ದೆವು. ಸ್ಲೇಟು ಒರೆಸುವುದು ಲಂಗದಲ್ಲಿ, ಮೂಗು ಒರೆಸುವುದೂ ಅದೇ ಲಂಗದಲ್ಲಿ. ಅಡಿಕೆ ಬೇಯಿಸುವ ಕಾಲದಲ್ಲಿ ಎಲ್ಲರ ಬಟ್ಟೆಗೂ ಚೊಗರಿನ ಕೆಂಪು ಕಲೆ. ಮೇಷ್ಟ್ರ ಪಂಚೆಯ ಮೇಲೂ ಇರುತ್ತಿತ್ತು. ಆ ಶಾಲೆ ನನಗೆ ಕಲಿಸಿದ ಒಂದು ಶಿಸ್ತು ಮಾತ್ರ ಇವತ್ತಿಗೂ ಹೋಗಿಲ್ಲ. ಮೇಷ್ಟ್ರು ಮಾತಾಡಿಸಿದರೆ ಎದ್ದು ನಿಲ್ಲಬೇಕು. ಕೈಯಲ್ಲಿ ಏನಿದ್ದರೂ, ಕಾಲು ಜೋಮು ಹಿಡಿದಿದ್ದರೂ, ಮೊದಲು ಎದ್ದು ನಿಲ್ಲಬೇಕು, ಆಮೇಲೆ ಉತ್ತರ.

ಮದುವೆಯಾಗಿ ಭದ್ರಾವತಿಗೆ ಬಂದೆ. ನಿಮ್ಮ ಅಜ್ಜನಿಗೆ ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಕೆಲಸ. ಹಳೇನಗರದಲ್ಲಿ ಬಾಡಿಗೆ ಮನೆ. ಪಕ್ಕದ ಮನೆ ಸೆಲ್ವಿಯಮ್ಮನದು. ಅವಳ ಗಂಡ ಕಬ್ಬಿಣದ ಕಾರ್ಖಾನೆಯವನು, ತಮಿಳಿನವರು. ನಮ್ಮಿಬ್ಬರ ನಡುವೆ ಒಂದೇ ಗೋಡೆ, ಅದೂ ಅರ್ಧ. ಆ ಅರ್ಧ ಗೋಡೆಯ ಮೇಲೆ ಗಲ್ಲ ಇಟ್ಟುಕೊಂಡು ಅವಳು ನಮ್ಮ ಸಂಸಾರವನ್ನು ದಿನಾ ನೋಡುತ್ತಿದ್ದಳು.

ತೊಂಬತ್ತರ ದಶಕದ ಕೊನೆಯ ಮಾತು. ನಿಮ್ಮ ಅಮ್ಮ ವಿನುತಾಳನ್ನು ಇಂಗ್ಲಿಷ್ ಮೀಡಿಯಮ್ ಶಾಲೆಗೆ ಹಾಕಿದೆವು. ವಾರದ ದಿನ ಬಿಳಿ ಅಂಗಿ, ನೀಲಿ ಲಂಗ. ಶನಿವಾರ ಡ್ರಿಲ್ಲು ಇರುವುದರಿಂದ ಅಡಿಯಿಂದ ಮುಡಿಯವರೆಗೆ ಬಿಳಿ. ಅಂಗಿ ಬಿಳಿ, ಲಂಗ ಬಿಳಿ, ಕಾಲುಚೀಲ ಬಿಳಿ, ಕ್ಯಾನ್ವಾಸ್ ಶೂ ಬಿಳಿ, ರಿಬ್ಬನ್ನೂ ಬಿಳಿ. ಶಾಲೆಯ ಮೈದಾನ ಮಾತ್ರ ಕೆಂಪು ಮಣ್ಣು. ಈ ಏರ್ಪಾಡು ಮಾಡಿದವರು ಯಾರೂ ಬಟ್ಟೆ ಒಗೆದವರಲ್ಲ.

ಎರಡನೇ ಕ್ಲಾಸಿನಲ್ಲಿ ಒಂದು ಶನಿವಾರ ಹುಡುಗಿ ತಿಂಡಿ ತಿನ್ನುವಾಗ ಅಂಗಿಯ ಮೇಲೆ ಚಿತ್ರಾನ್ನ ಉದುರಿಸಿಕೊಂಡಳು. ಬಸ್ಸಿಗೆ ಹೊತ್ತಾಗಿತ್ತು. ನಾನು ಅವಸರದಲ್ಲಿ ಬಾರ್ ಸೋಪು ಉಜ್ಜಿದೆ. ಅರಿಶಿನಕ್ಕೆ ಸೋಪು ತಾಗಿದರೆ ಏನಾಗುತ್ತದೆಂದು ಗೊತ್ತಲ್ಲ, ಕುಂಕುಮದಂತೆ ಕೆಂಪಾಗುತ್ತದೆ. ತೊಳೆಯಲು ಹೊತ್ತಿಲ್ಲ. ಹಾಗೇ ಕಳಿಸಿದೆ. ಎದೆಯ ಮೇಲೆ ಅಂಗೈಯಗಲ ಕೆಂಪು ನೋಡಿ ಶಾಲೆಯವರು ಮಗುವಿಗೆ ಏನೋ ಹೊಡೆತ ಬಿದ್ದಿದೆ ಎಂದು ಗಾಬರಿಯಾಗಿ ನನ್ನನ್ನು ಕರೆಸಿದರು.

ಹೆಡ್ ಮಿಸ್ ಕೋಣೆಗೆ ನಾನು ಹೋದದ್ದು ಅದೇ ಮೊದಲು. ಎತ್ತರದ ಹೆಂಗಸು, ಕನ್ನಡಕ, ಗಂಜಿ ಹಾಕಿದ ಸೀರೆ. ಐದು ನಿಮಿಷ ಇಂಗ್ಲಿಷಿನಲ್ಲಿ ಏನೇನೋ ಕೇಳಿದರು. ಪಕ್ಕದಲ್ಲಿ ಬೇರೆ ಮಕ್ಕಳ ತಂದೆತಾಯಿ ನಿಂತಿದ್ದರು. ನನಗೆ ಇಂಗ್ಲಿಷ್ ಬರುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಎಲ್ಲದಕ್ಕೂ "ಯೆಸ್ ಮಿಸ್" ಅಂದೆ. ದಾರಿಯಲ್ಲಿ ವಿನುತಾ ಹೇಳಿದಳು: "ಅಮ್ಮ, ನಿಮ್ಮನೇಲಿ ನೀರು ಬರಲ್ವಾ ಅಂತ ಕೇಳಿದ್ರು, ನೀನು ಯೆಸ್ ಅಂದೆ. ಮನೇಲಿ ಯಾರಾದ್ರೂ ಮಗೂನ ಹೊಡೀತಾರಾ ಅಂತ ಕೇಳಿದ್ರು, ಅದಕ್ಕೂ ಯೆಸ್ ಅಂದೆ. ಅಪ್ಪ ಹೊಡೀತಾರಾ ಅಂದ್ರು..."

"ಸಾಕು ಬಾಯ್ಮುಚ್ಚು" ಅಂದೆ.

ಮುಂದೆ ಒಂದು ತಿಂಗಳು ಶಾಲೆಯವರು ನಿಮ್ಮ ಅಜ್ಜನನ್ನು ಕಂಡರೆ ಮಗುವನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಇರುವೆ ತುಳಿಯಲೂ ಹಿಂಜರಿಯುವ ಮನುಷ್ಯ ಅವರು.

ಅವತ್ತು ಶಪಥ ಮಾಡಿದೆ: ಆ ಕೋಣೆಗೆ ಇನ್ನು ಕಾಲಿಡುವುದಿಲ್ಲ. ಕಾಲಿಡಬಾರದೆಂದರೆ ಕರೆಯಬಾರದು, ಕರೆಯಬಾರದೆಂದರೆ ಕಲೆಯಾಗಬಾರದು. ಜನ ನನ್ನನ್ನು ಬಹಳ ಶುಚಿ ಅನ್ನುತ್ತಿದ್ದರು, ನಾನೂ ಒಪ್ಪಿಕೊಂಡು ಮೆಲ್ಲಗೆ ನಗುತ್ತಿದ್ದೆ. ಶುಚಿಯೂ ಅಲ್ಲ, ಏನೂ ಅಲ್ಲ. ಒಬ್ಬ ಹೆಂಗಸಿನ ಮುಂದೆ ನಿಂತು ಮಾತಾಡುವ ಭಯ, ಅಷ್ಟೇ.

ಮೊದಲು ಬಟ್ಟೆ ಬದಲಿಸಿ ನೋಡೋಣವೆಂದು ಶಿವಮೊಗ್ಗದ ಗಾಂಧಿ ಬಜಾರಿಗೆ ಹೋದೆ. ಅಂಗಡಿಯ ಸಾಬರ ಮುಂದೆ ಬಹಳ ಹೊತ್ತು ನಿಂತು, ಧೈರ್ಯ ಮಾಡಿ, "ಕಲೆ ಆಗದೇ ಇರೋ ಬಿಳಿ ಬಟ್ಟೆ ಇದ್ಯಾ?" ಎಂದು ಕೇಳಿದೆ. ಅವರು ಗಜಕೋಲು ಕೆಳಗಿಟ್ಟರು. "ಅಮ್ಮಾ, ನಮ್ಮನೇಲಿ ಆರು ಬಚ್ಚೇ ಇದಾವೆ. ಅಂಥಾ ಕಪಡಾ ಬಂದ್ರೆ ಅಂಗಡೀಗೆ ಯಾಕೆ ತರ್ತೀನಿ, ಸೀದಾ ಮನೇಗೇ ತಗೊಂಡು ಹೋಗ್ತೀನಿ" ಅಂದರು. ಮಾಮೂಲಿ ಬಟ್ಟೆಯನ್ನೇ ಎರಡು ಜೊತೆ ಹೆಚ್ಚು ಹೊಲಿಸಿದೆ.

ಆಮೇಲೆ ಮನೆಯಲ್ಲಿ ಕಾಯಿದೆಗಳು ಶುರುವಾದವು. ಒಗೆದ ಯೂನಿಫಾರ್ಮನ್ನು ಪೂಜೆಯ ಮಡಿಬಟ್ಟೆಯಂತೆ ಉದ್ದದ ಕೋಲಿನಿಂದ ಎತ್ತಿ, ಸೂರಿನ ಕೆಳಗೆ ಎತ್ತರದಲ್ಲಿ ಕಟ್ಟಿದ ತಂತಿಯ ಮೇಲೆ ಹರವುತ್ತಿದ್ದೆ. ಯಾರೂ ಮುಟ್ಟುವಂತಿಲ್ಲ. ನಿಮ್ಮ ಅಜ್ಜ ವರ್ಕ್‌ಶಾಪಿನಿಂದ ಗ್ರೀಸ್ ಮೆತ್ತಿಕೊಂಡು ಬರುವವರು. ಒಂದು ಸಂಜೆ ಮಳೆ ಬಂತೆಂದು ಪಾಪ ಬಟ್ಟೆ ತೆಗೆಯಲು ಹೋದರು. ನಾನು ಕೋಲು ಅಡ್ಡ ಹಿಡಿದೆ.

"ಏನೇ ಇದು, ನನ್ನ ಮಗಳ ಅಂಗಿ ಮುಟ್ಟೋಕೆ ನಾನು ಸ್ನಾನ ಮಾಡ್ಬೇಕಾ?"

"ಮಾಡ್ಬೇಕು."

ಮಾಡಿದರು. ಅಷ್ಟರಲ್ಲಿ ಎರಚಲು ಹೊಡೆದು ಬಟ್ಟೆ ಪೂರ್ತಿ ನೆನೆದಿತ್ತು.

ಊಟದ ಕಾಯಿದೆ ಇನ್ನೂ ಕಠಿಣ. ಶುಕ್ರವಾರ ಸಂಜೆಯಿಂದ ಶನಿವಾರ ಮಧ್ಯಾಹ್ನದವರೆಗೆ ನಮ್ಮ ಮನೆಯಲ್ಲಿ ಅರಿಶಿನದ ಡಬ್ಬಿಗೆ ಮುಚ್ಚಳ ಬಿಗಿ. ಬಿಳಿ ಬಟ್ಟೆಯ ದಿನ ಬಿಳಿ ಊಟ. ಇಡ್ಲಿಯಿದ್ದರೆ ಕಾಯಿಚಟ್ನಿ, ಅದಕ್ಕೆ ಒಗ್ಗರಣೆಯಿಲ್ಲ. ಇಲ್ಲವೇ ಮೊಸರನ್ನ, ಸಾಸಿವೆಯಿಲ್ಲದ್ದು. ಹಸಿಮೆಣಸಿನಕಾಯಿ ಸಹ ಬೇಯಿಸಿ ಎತ್ತಿ ಎಸೆಯುತ್ತಿದ್ದೆ, ಹಸಿರು ತಾಗೀತೆಂದು. ನಾಲ್ಕನೇ ಶುಕ್ರವಾರ ನಿಮ್ಮ ಅಜ್ಜ ತಟ್ಟೆ ನೋಡಿ ಕೈಕಟ್ಟಿ ಕೂತರು. "ಮಾರಾಯ್ತಿ, ನಾನೇನು ಬಾಣಂತೀನಾ, ಜ್ವರ ಬಂದೋನಾ? ನನ್ನ ಅಂಗಿ ಖಾಕಿ ಕಣೇ. ನನಗಾದ್ರೂ ಬಣ್ಣದ ಸಾರು ಹಾಕು."

"ನೀವು ಮಗಳ ಪಕ್ಕ ಕೂತು ಉಣ್ತೀರಲ್ಲ, ಹಾರುತ್ತೆ" ಅಂದೆ.

ಅವರು ತಟ್ಟೆ ಎತ್ತಿಕೊಂಡು ಅರ್ಧ ಗೋಡೆಯ ಬಳಿ ನಿಂತರು. ಸೆಲ್ವಿಯಮ್ಮ ಆ ಕಡೆಯಿಂದ ಒಂದು ಸೌಟು ಹುಳಿ ಹಾಕಿದಳು. ಅಂದಿನಿಂದ ಅದೂ ಪದ್ಧತಿಯಾಯಿತು.

ದಾರಿಯ ಧೂಳಿಗೆ ಏನು ಮಾಡುವುದು? ಮೊದಲು ಅಂಗಿಯನ್ನು ತಿರುವುಮುರುವಾಗಿ ಹಾಕಿ ಕಳಿಸಿ, ಶಾಲೆಯ ಬಾಗಿಲಲ್ಲಿ ಸರಿಮಾಡಿಕೋ ಎಂದೆ. ಹುಡುಗಿಗೆ ಬೀದಿಯಲ್ಲಿ ಅಂಗಿ ಬಿಚ್ಚಲು ನಾಚಿಕೆ, ನನ್ನ ಮಗಳಲ್ಲವೇ. ಕೊನೆಗೆ ನಿಮ್ಮ ಅಜ್ಜನ ಹಳೆಯ ಖಾಕಿ ಕೋಟು ಕತ್ತರಿಸಿ, ಯೂನಿಫಾರ್ಮಿನ ಮೇಲೆ ಹಾಕಿಕೊಳ್ಳಲು ಮೇಲಂಗಿ ಹೊಲಿದೆ. ಅಳತೆ ತಪ್ಪಿ ಪಾದದವರೆಗೆ ಬಂತು. ಜೇಬಿನ ಮೇಲಿನ ವರ್ಕ್‌ಶಾಪಿನ ನಂಬರು ಬಿಚ್ಚಲು ಮರೆತಿದ್ದೆ. ಸೆಲ್ವಿಯಮ್ಮ ಗೋಡೆಯ ಮೇಲಿಂದ ನೋಡಿ, "ಐಯ್ಯೋ ಅಕ್ಕಾ, ಮಗೂನ ಸ್ಕೂಲಿಗೆ ಕಳಿಸ್ತಿದ್ದೀಯಾ, ಶಿಫ್ಟಿಗೆ ಕಳಿಸ್ತಿದ್ದೀಯಾ?" ಅಂದಳು. ಶಾಲೆಯ ಮಕ್ಕಳು ಅವಳಿಗೆ ಫೋರ್‌ಮನ್ ಎಂದು ಹೆಸರಿಟ್ಟರು. ನನಗೆ ಅದು ಮರ್ಯಾದೆಯ ಹೆಸರಾಗಿಯೇ ಕೇಳಿಸಿತು.

ಇಷ್ಟೂ ಸಾಲದೆಂದು ಒಂದು ದಿನ ಅಂಗಿಯ ಕಂಕುಳಲ್ಲಿ ಬೆವರಿನ ಹಳದಿ ಕಂಡೆ. ಆ ಶನಿವಾರ ಮಗಳನ್ನು ನಿಲ್ಲಿಸಿಕೊಂಡು ಹೇಳಿದೆ: "ನೋಡು ವಿನು, ಕೈ ಮೈಗೆ ತಾಗಿಸ್ಬೇಡ. ಗಾಳಿ ಆಡ್ಬೇಕು. ಆಡೋ ಹೊತ್ನಲ್ಲಿ ಹೀಗೆ ಸ್ವಲ್ಪ ದೂರ ಇಟ್ಕೋ." ಹೀಗೆ ಎಂದು ನಾನೇ ತೋರಿಸಿದೆ. ಅವಳು ಹೂಂ ಅಂದಳು. ಆ ಮಗು ಯಾವುದಕ್ಕೂ ಎದುರಾಡುತ್ತಿರಲಿಲ್ಲ.

ಅಲ್ಲಿಂದ ಮೂರು ತಿಂಗಳು ಒಂದು ಚುಕ್ಕೆ ಕಲೆಯಿಲ್ಲ. ನಾನು ಗೆದ್ದೆ ಅಂದುಕೊಂಡೆ. ಅಷ್ಟರಲ್ಲಿ ಡೈರಿಯಲ್ಲಿ ಕೆಂಪು ಶಾಯಿಯ ಚೀಟಿ ಬಂತು. ವಿನುತಾಳೇ ಓದಿದಳು: "ಅಮ್ಮ, ನೀನು ಬರ್ಬೇಕಂತೆ. ಕೆಳಗೆ ಅರ್ಜೆಂಟ್ ಅಂತ ಗೆರೆ ಎಳೆದಿದಾರೆ."

ಆ ಸಂಜೆ ಎಲ್ಲ ಅಂಗಿ, ಎಲ್ಲ ಲಂಗ ಬಿಸಿಲಿಗೆ ಹಿಡಿದು ನೋಡಿದೆ. ಏನೂ ಇಲ್ಲ. ನನ್ನ ಕಣ್ಣಿಗೆ ಕಾಣದ ಕಲೆ ಇಂಗ್ಲಿಷ್ ಓದಿದವರ ಕಣ್ಣಿಗೆ ಕಂಡಿರಬಹುದೆಂದು ಸೆಲ್ವಿಯಮ್ಮನಿಗೂ ತೋರಿಸಿದೆ. "ಏನೂ ಇಲ್ಲಕ್ಕಾ, ಇದನ್ನ ನೋಡಿ ನನ್ ಕಣ್ಣೇ ಹೋಗ್ತಿದೆ" ಅಂದಳು. ನಿಮ್ಮ ಅಜ್ಜನನ್ನು ಹೋಗಿ ಬನ್ನಿ ಎಂದು ಗೋಗರೆದೆ. "ನಾನಾ? ನನ್ನ ಕಂಡ್ರೆ ಪೊಲೀಸ್ ಕರೀತಾರೆ. ಯೆಸ್ ಅಂದೋಳು ನೀನು, ನೀನೇ ಹೋಗು" ಅಂದರು.

ಎರಡು ದಿನ ಜ್ವರದ ನೆಪ ಹೇಳಿದೆ. ಮೂರನೇ ದಿನ ಶನಿವಾರ. ಮದುವೆಗೆ ಉಡುವ ಕಂಚಿ ಸೀರೆ ಉಟ್ಟು, ಒಗೆದ ಯೂನಿಫಾರ್ಮುಗಳನ್ನೆಲ್ಲ ಮಡಿಸಿ ಬಟ್ಟೆ ಚೀಲಕ್ಕೆ ತುಂಬಿ, ಸಾಕ್ಷಿಗಿರಲಿ ಎಂದು ಹೊತ್ತುಕೊಂಡು ಹೋದೆ. ಹೆಡ್ ಮಿಸ್ ಬಾಯಿ ತೆಗೆಯುವ ಮೊದಲೇ ಒಂದೊಂದಾಗಿ ಅವರ ಮೇಜಿನ ಮೇಲೆ ಹರಡಿದೆ. ಅವರು ಕನ್ನಡಕ ಮೇಲೇರಿಸಿ ಕನ್ನಡದಲ್ಲೇ ಕೇಳಿದರು, "ಇದೇನಮ್ಮ, ಇಸ್ತ್ರಿಗೆ ತಂದ್ರಾ?"

"ಕಲೆ ಇಲ್ಲ ಮಿಸ್."

"ಕಲೆ ವಿಷಯ ಯಾರು ಹೇಳಿದ್ರು? ಇಲ್ಲಿ ಬನ್ನಿ."

ಕಿಟಕಿಯ ಹತ್ತಿರ ಕರೆದರು. ಆಟದ ಹೊತ್ತು. ಕೆಂಪು ಧೂಳಿನಲ್ಲಿ ಮಕ್ಕಳು ಕಿರುಚಿಕೊಂಡು ಓಡುತ್ತಿದ್ದರು, ಯಾವುದರ ಅಂಗಿ ಬಿಳಿ, ಯಾವುದರದು ಮಣ್ಣು ತಿಳಿಯುತ್ತಿರಲಿಲ್ಲ. ನಡುವೆ ಧ್ವಜದ ಕಂಬದ ಪಕ್ಕ ನನ್ನ ಮಗಳು, ಹಾಲಿನಂತೆ ಬೆಳ್ಳಗೆ, ಎರಡೂ ಕೈ ಅಗಲಿಸಿಕೊಂಡು ಹೊಲದ ಬೆರ್ಚಪ್ಪನಂತೆ ನಿಂತಿದ್ದಳು. ಅಲ್ಲಾಡುತ್ತಿರಲಿಲ್ಲ. ಚೆಂಡೊಂದು ಉರುಳಿ ಅವಳ ಕಾಲ ಬಳಿ ಬಂತು. ಅವಳು ಅದನ್ನು ನೋಡಿದಳು. ಒದೆಯಲಿಲ್ಲ. ಇನ್ನೊಂದು ಮಗು ಬಂದು ಎತ್ತಿಕೊಂಡು ಹೋಯಿತು.

"ದಿನಾ ಹೀಗೇ ನಿಲ್ತಾಳೆ" ಅಂದರು ಹೆಡ್ ಮಿಸ್. "ಮಗೂಗೆ ಕೈ ಕೆಳಗಿಳಿಸೋಕೆ ಆಗಲ್ವಾ? ಹುಟ್ಟಿದಾಗಿಂದ್ಲೇನಾ? ಶಿವಮೊಗ್ಗದಲ್ಲಿ ಮೂಳೆ ಡಾಕ್ಟರೊಬ್ರು ನನಗೆ ಗೊತ್ತು. ಚೀಟಿ ಬರೆದು ಕೊಡ್ತೀನಿ."

ಮಕ್ಕಳೇ, ಆಗ ನನ್ನ ಮುಂದೆ ಇದ್ದದ್ದು ಎರಡೇ ದಾರಿ. ಹೂಂ ಎಂದು ಡಾಕ್ಟರ ಚೀಟಿ ಇಸಕೊಂಡು ಬಂದುಬಿಡುವುದು. ಇಲ್ಲವೇ ಅವಳಿಗೆ ಏನೂ ಆಗಿಲ್ಲ, ನಿಮ್ಮ ಭಯಕ್ಕೆ ನಾನೇ ಹೀಗೆ ನಿಲ್ಲಿಸಿದ್ದೇನೆ ಎಂದು ಹೇಳುವುದು. ಮೊದಲನೆಯದಕ್ಕೆ ಒಂದೇ ಅಕ್ಷರ ಸಾಕು. ನಾನು ಅದನ್ನೇ ಅಂದೆ. "ಹೂಂ ಮಿಸ್."

ಅವರು ಚೀಟಿ ಬರೆಯಲು ಕೂತರು. ನನ್ನ ಮುಖ ನೋಡಿ ಅಯ್ಯೋ ಅನ್ನಿಸಿರಬೇಕು, ಆಯಾಗೆ ಹೇಳಿ ಟೀ ತರಿಸಿದರು. ಕೂರಿಸಿದರು. ಬರೆಯುತ್ತಲೇ, "ಮಗೂ ಹೆಸರು ಪೂರ್ತಿ ಏನು?" ಎಂದು ಕೇಳಿದರು. ನಾನು ಎದ್ದು ನಿಂತು ಹೇಳಿದೆ. "ಕೂತ್ಕೊಳ್ಳಿ." ಕೂತೆ. "ವಯಸ್ಸು?" ಎದ್ದು ನಿಂತೆ. "ಕೂತ್ಕೊಳ್ಳಿಮ್ಮ." ಕೂತೆ. "ನೋವು ಅಂತಾಳಾ?" ಮೂರನೇ ಸಲ ಏಳುವಾಗ ಮೊಣಕೈ ಮೇಜಿಗೆ ತಾಗಿ, ಲೋಟದಲ್ಲಿದ್ದ ಟೀ ಅಷ್ಟೂ ಹೆಡ್ ಮಿಸ್ ಸೆರಗಿನ ಮೇಲೆ. ಕೆನೆಬಣ್ಣದ ರೇಷ್ಮೆ ಸೀರೆ. ಅವತ್ತು ಹನ್ನೊಂದು ಗಂಟೆಗೆ ಮೇಲಿನ ಆಫೀಸಿನವರು ಶಾಲೆ ನೋಡಲು ಬರುವವರಿದ್ದರಂತೆ, ಅದಕ್ಕೇ ಉಟ್ಟಿದ್ದರು.

ಅವರು ಕರ್ಚೀಫು ತೆಗೆದು ಉಜ್ಜಲು ಹೋದರು.

"ಉಜ್ಜಬೇಡಿ!" ಅಂದೆ. ಆ ದನಿ ಎಲ್ಲಿಂದ ಬಂತೋ ನನಗೇ ಗೊತ್ತಿಲ್ಲ. "ಉಜ್ಜಿದ್ರೆ ಒಳಗೆ ಇಳಿಯುತ್ತೆ! ಕೈ ಎತ್ತಿ! ಅಲ್ಲಾಡಬೇಡಿ! ಆಯಾ, ತಣ್ಣೀರು, ಬೇಗ! ಸೋಪು ತರ್ಬೇಡ, ತಂದ್ರೆ ನೋಡು!"

ಆಯಾ ಓಡಿದಳು. ಹೆಡ್ ಮಿಸ್ ಕೈ ಎತ್ತಿದರು. ನಾನು ಅವರ ಸೆರಗು ಹಿಡಿದು ಎಳೆದುಕೊಂಡು ಹಿಂದಿನ ನಲ್ಲಿಯ ಹತ್ತಿರ ಹೋದೆ. ಇಡೀ ಶಾಲೆ ಹೆದರುವ ಹೆಂಗಸು ಹಸುವಿನಂತೆ ಹಿಂದೆ ಬಂದರು. ಕಲೆಯ ಹಿಂಬದಿಯಿಂದ ನೀರು ಬಿಡುತ್ತ, ಬೆರಳ ತುದಿಯಲ್ಲಿ ಮೆಲ್ಲಗೆ ಒತ್ತುತ್ತ ಕೂತೆ. ಕೈಗೆ ಕೆಲಸ ಸಿಕ್ಕಿತಲ್ಲ, ಬಾಯಿ ತಾನೇ ಬಿಟ್ಟುಕೊಂಡಿತು. ಅವರ ಮುಖ ನೋಡದೆ, ಸೀರೆಯನ್ನು ನೋಡುತ್ತ, ಎಲ್ಲ ಹೇಳಿದೆ. ಬಿಳಿ ಊಟ, ಖಾಕಿ ಕೋಟು, ಮಡಿಕೋಲು, ಕಂಕುಳ ಬೆವರು. "ಅವಳ ಮೂಳೆಗೆ ಏನೂ ಆಗಿಲ್ಲ ಮಿಸ್. ನಾನು ಹಾಗೆ ನಿಲ್ಲು ಅಂದಿದ್ದೆ, ನಿಂತಿದಾಳೆ. ನೀವು ಕರೆಸಿದ್ರೆ ನಾನು ಏನು ಮಾತಾಡ್ಲಿ ಅಂತ ಭಯ."

ನಲ್ಲಿ ಸುರಿಯುತ್ತಿತ್ತು.

"ನನ್ನ ಕಂಡ್ರೆ ಅಷ್ಟು ಭಯಾನಾ?"

"ಹೂಂ ಮಿಸ್."

"ಈಗ್ಲೂನಾ?"

"ಈಗ ನೀವು ಒದ್ದೆಯಾಗಿದ್ದೀರಿ" ಅಂದೆ.

ಅವರು ನಕ್ಕರು. ನಗುವಾಗಲೂ ಅಲ್ಲಾಡಲಿಲ್ಲ, ನಾನು ಬೇಡ ಅಂದಿದ್ದೆನಲ್ಲ. ಬೇಗ ಒಣಗಲಿ ಎಂದು ಅವರನ್ನು ಬಿಸಿಲಿಗೆ ನಿಲ್ಲಿಸಿ, ಎರಡೂ ಕೈ ಅಗಲಿಸಿ ಸೆರಗು ಹರಡಿಕೊಳ್ಳಲು ಹೇಳಿದೆ. ಹಾಗೇ ನಿಂತರು. ಅಷ್ಟರಲ್ಲಿ ನಾಲ್ಕು ಮಕ್ಕಳು ಮೂಲೆ ತಿರುಗಿ ಬಂದು ನೋಡಿ, ಫೋರ್‌ಮನ್ ಕಾಯಿಲೆ ಹೆಡ್ ಮಿಸ್‌ಗೂ ಅಂಟಿತು ಎಂದು ಕಿರುಚಿಕೊಂಡು ಓಡಿದವು.

ನಾನು ಮೈದಾನಕ್ಕೆ ಹೋದೆ. ವಿನುತಾ ಅಲ್ಲೇ ನಿಂತಿದ್ದಳು. ಹತ್ತಿರ ಹೋದಾಗ ಕಂಡಿತು, ತೋಳು ಸಣ್ಣಗೆ ನಡುಗುತ್ತಿತ್ತು.

"ವಿನು, ಕೈ ಇಳ್ಸು."

"ಬೆವರಾಗುತ್ತೆ ಅಮ್ಮ."

"ಆಗ್ಲಿ ಬಿಡು."

"ಮಿಸ್ ಬೈದು ನಿನ್ನ ಕರೆಸಿದ್ರೆ?"

"ಬರ್ತೀನಿ."

ಅವಳು ನಂಬಲಿಲ್ಲ. ಕೈ ಅರ್ಧ ಇಳಿಸಿ ನನ್ನ ಮುಖ ನೋಡುತ್ತಿದ್ದಳು. ಬಾಯಲ್ಲಿ ಹೇಳಿದ್ದು ಆ ಮಗುವಿಗೆ ಸಾಲದು, ಮೂರು ತಿಂಗಳು ಬೇರೆಯದನ್ನೇ ಹೇಳಿದ್ದೇನೆ. ನಾನು ಕಂಚಿ ಸೀರೆಯ ನೆರಿಗೆ ಸಮೇತ ಆ ಕೆಂಪು ಮಣ್ಣಿನಲ್ಲಿ ಕೂತುಬಿಟ್ಟೆ.

"ಅಮ್ಮಾ! ಸೀರೆ!" ಎಂದು ಅವಳು ಕೂಗಿದ್ದು ಇಡೀ ಮೈದಾನಕ್ಕೆ ಕೇಳಿಸಿತು. ಆಮೇಲೆ ಸುತ್ತ ಒಂದು ಸಲ ನೋಡಿ, ಲಂಗ ಎತ್ತಿ ಹಿಡಿದು, ಬಿಟ್ಟು, ಮತ್ತೆ ಹಿಡಿದು, ನನ್ನ ಪಕ್ಕ ಕೂತಳು. ಒಂದು ಬೆರಳಿನಿಂದ ಮಣ್ಣು ಮುಟ್ಟಿದಳು. ಆಮೇಲೆ ಐದೂ ಬೆರಳು. ಒಂದು ಗುಂಡಿ ತೋಡಿದಳು, ಅದರ ಪಕ್ಕ ಇನ್ನೊಂದು. ಕೈ ಕೊಳೆಯಾದಾಗ ಒರೆಸಿಕೊಂಡಳು, ತನ್ನ ಅಂಗಿಗಲ್ಲ, ನನ್ನ ಸೆರಗಿಗೆ. ಅಭ್ಯಾಸ ಒಂದೇ ದಿನಕ್ಕೆ ಹೋಗುತ್ತದೆಯೇ.

ಮಧ್ಯಾಹ್ನ ನಾವಿಬ್ಬರೂ ಮಣ್ಣಿನ ಗೊಂಬೆಗಳಂತೆ ಮನೆಗೆ ಬಂದೆವು. ನಿಮ್ಮ ಅಜ್ಜ ಬಾಗಿಲಲ್ಲೇ ನಿಂತು ನಮ್ಮನ್ನು ಮೇಲಿಂದ ಕೆಳಗೆ ನೋಡಿದರು. ಏನಾಯಿತು ಎಂದು ಕೇಳಲಿಲ್ಲ. "ಹಾಗಾದ್ರೆ ಇವತ್ತು ಸಾರಿಗೆ ಅರಿಶಿನ ಹಾಕ್ತೀಯಾ?" ಅಂದರು. ಈಗ ಅವರಿಲ್ಲ. ಆ ದಿನ ಅವರು ಮೂರು ಸಲ ಸಾರು ಹಾಕಿಸಿಕೊಂಡದ್ದು ನನಗೆ ಚೆನ್ನಾಗಿ ನೆನಪಿದೆ.

ಇದನ್ನೆಲ್ಲ ಬರೆಯುವ ಮೊದಲು ನಿನ್ನೆ, ನೀವು ಮಲಗಲು ಹೋದ ಮೇಲೆ, ನಿಮ್ಮ ಅಮ್ಮನನ್ನು ಕೇಳಿದೆ. ಇಷ್ಟು ವರ್ಷ ಕೇಳಿರಲಿಲ್ಲ. "ವಿನು, ಆ ಮೂರು ತಿಂಗಳು ನಿನ್ನ ಹಾಗೆ ನಿಲ್ಲಿಸಿದ್ನಲ್ಲ, ಬೇಜಾರಿದ್ಯಾ?" ಅವಳು ಫೋನಿನಿಂದ ತಲೆ ಎತ್ತಿದಳು. "ಯಾವಾಗ ಅಮ್ಮ? ನಂಗದು ನೆನಪೇ ಇಲ್ಲ. ನೀನು ರೇಷ್ಮೆ ಸೀರೇಲಿ ಮಣ್ಣಲ್ಲಿ ಕೂತಿದ್ದು ನೆನಪಿದೆ. ಯಾಕೆ ಕೂತಿದ್ದೆ ಅಂತ ಗೊತ್ತಿಲ್ಲ. ನೀನು ಸ್ವಲ್ಪ ತಮಾಷೆ ಹೆಂಗಸು ಅಂದ್ಕೊಂಡಿದ್ದೆ."

ನೋಡಿ, ಅವಳ ಮನಸ್ಸಿನಲ್ಲಿ ನಾನು ಎಷ್ಟು ಶುಭ್ರವಾಗಿದ್ದೇನೆ. ಕೇಳಿ ಸಂತೋಷವಾಯಿತು, ಸ್ವಲ್ಪ ಮೋಸವೂ ಅನ್ನಿಸಿತು. ನಿಮ್ಮ ಅಜ್ಜ ಹೋದರು, ಸೆಲ್ವಿಯಮ್ಮ ಮಗನ ಮನೆಗೆಂದು ಸೇಲಂಗೆ ಹೋದಳು, ಹೆಡ್ ಮಿಸ್ ಈಗ ಎಲ್ಲಿದ್ದಾರೋ. ಆ ಮಗು ಬಿಸಿಲಿನಲ್ಲಿ ನಿಂತದ್ದು, ಚೆಂಡನ್ನು ನೋಡಿ ಒದೆಯದೆ ಬಿಟ್ಟದ್ದು, ತೋಳು ನಡುಗಿದ್ದು ಈಗ ನನ್ನೊಬ್ಬಳಿಗೇ ಗೊತ್ತು. ಅದೊಂದು ತೊಳೆದು ಹೋಗುವುದು ನನಗೆ ಬೇಡ. ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಮಕ್ಕಳೇ.